ಬಾಟಲಿ ತುಂಬಿದ ಮೇಲಿನ ಮಳೆ

ನಾನು ಸುಳ್ಳು ಹೇಳಿದೆ. ಖಾನಾಪುರದ ಸಭಾಭವನದಲ್ಲಿ, ಬೆಳಗಿನ ಹನ್ನೊಂದೂವರೆಗೆ, ತುಂಬಿದ ಸಭೆಯ ಮುಂದೆ — ನಿಮ್ಮ ಮುಂದೆ — ನೇರವಾಗಿ ಕೇಳಿದ ಒಂದು ಪ್ರಶ್ನೆಗೆ ಅಷ್ಟೇ ನೇರವಾಗಿ ಸುಳ್ಳು ಹೇಳಿದೆ. ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ ಸಗುಣಾ. ಅವಳು ಕೇಳಿದ್ದು ಇಷ್ಟೇ: “ಅಕ್ಕಾರ, ಮಳಿ ಜೋರಿದ್ದ ದಿನ ಬಾಟ್ಲಿ ತುಂಬಿ ಉಕ್ಕಿದ್ದು ಐತೇನ್ರಿ?”

“ಇಲ್ಲ” ಎಂದೆ.

ಉಕ್ಕಿತ್ತು. ಒಂದು ಸಲವಲ್ಲ, ಒಂದು ವರ್ಷವಲ್ಲ.

ಇದನ್ನು ನಿಮ್ಮ ಕನಿಕರ ಬೇಡಿ ಬರೆಯುತ್ತಿಲ್ಲ. ನಿಮ್ಮ ಕನಿಕರ ನನಗೆ ಬೇಡ. ಅಂದು ನನಗಾಗಿ ಚಪ್ಪಾಳೆ ತಟ್ಟಿದ ಕೈಗಳು ನಿಮ್ಮವೇ. ಬರೆಯುತ್ತಿರುವುದು ಏಕೆಂದರೆ ನೀವು ಇನ್ನೂ ನಾನು ಮಳೆಯ ಅಳತೆ ಬರೆದಿಟ್ಟ ದಫ್ತರವನ್ನು ಎತ್ತಿ ಹಿಡಿದು ತಿರುಗುತ್ತಿದ್ದೀರಿ. ಕಳೆದ ತಿಂಗಳು ಬೆಳಗಾವಿಯ ರವಿವಾರ ಪೇಟೆಯಲ್ಲಿ, ಕಾಳಿನ ಅಂಗಡಿಯ ಮುಂದೆ, ಖಾನಾಪುರದವನೊಬ್ಬ ಅಂಗಡಿಯವನಿಗೆ ಹೇಳುತ್ತಿದ್ದ: “ಈ ಹವಾಮಾನದ ಮಾಡೆಲ್ ಅಂತಾರಲ್ಲ, ಎಲ್ಲಾ ಖೋಟಾ. ನಮ್ಮ ಅಕ್ಕಾರು ಇಪ್ಪತ್ತಾರು ವರ್ಷ ಕೈಯಿಂದ ಮಳಿ ಅಳದಾರ. ಕಂಪ್ಯೂಟರ್ ಏನ್ ಮಳ್ಯಾಗ ತೊಯ್ಸಿಕೊಂಡೈತೇನು?” ಅಂಗಡಿಯವನು ನಕ್ಕ. ನಾನು ಅವನ ಹಿಂದೆಯೇ ನಿಂತಿದ್ದೆ, ಕೈಯಲ್ಲಿ ತೊಗರಿಬೇಳೆಯ ಚೀಲ. ಅವನು ತಿರುಗಿ ನೋಡಿ ಗುರುತು ಹಿಡಿದು, ಬಾಗಿ ನಮಸ್ಕಾರ ಮಾಡಿದ. ಆ ನಮಸ್ಕಾರ — ಅದನ್ನು ಇನ್ನು ಮೇಲೆ ತಡೆದುಕೊಳ್ಳಲಾರೆ.

ಇಪ್ಪತ್ತಾರು ವರ್ಷ ಎಂಬುದು ನಿಜ. ಅಳೆದೆ ಎಂಬುದು ಅರ್ಧ ನಿಜ.

ನಮ್ಮ ಶಾಲೆ ಖಾನಾಪುರದಿಂದ ಪಶ್ಚಿಮಕ್ಕೆ, ಕಾಡು ಶುರುವಾಗುವಲ್ಲಿತ್ತು. ಅಂಗಳದ ಮೂಲೆಯಲ್ಲಿ, ತಂತಿಬೇಲಿಯೊಳಗೆ ಮಳೆಮಾಪಕ. ಅದನ್ನು ನೋಡಿಕೊಳ್ಳುವ ಕೆಲಸ ಶಾಲೆಯ ಶಿಕ್ಷಕರಲ್ಲಿ ಒಬ್ಬರಿಗೆ ಬೀಳುತ್ತಿತ್ತು, ನನಗೆ ಬಿತ್ತು. ಅದು ಹೇಗಿತ್ತೆಂದು ಹೇಳದೆ ನನ್ನ ತಪ್ಪು ತಿಳಿಯುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಮೇಲೆ ಒಂದು ಆಲಿಕೆ. ಆಲಿಕೆಯ ಕೆಳಗೆ ಒಂದು ಬಾಟಲಿ. ಬಾಟಲಿಯ ಸುತ್ತ, ಅರ್ಧ ನೆಲದಲ್ಲಿ ಹುಗಿದ ತಗಡಿನ ಡಬ್ಬಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿನ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು, ದಫ್ತರದಲ್ಲಿ ಬರೆಯಬೇಕು. ಮಳೆ ಬಹಳ ಜೋರಾದ ದಿನ ನಡುನಡುವೆಯೂ ಹೋಗಿ ಅಳೆದು ಬಾಟಲಿ ಖಾಲಿ ಮಾಡಿ, ಮರುದಿನ ಎಲ್ಲವನ್ನೂ ಕೂಡಿಸಬೇಕು. ಒಂದು ವೇಳೆ ಉಕ್ಕಿದರೆ, ಉಕ್ಕಿದ ನೀರು ಹೊರಗಿನ ಡಬ್ಬಿಯಲ್ಲಿ ನಿಂತಿರುತ್ತದೆ, ಅದನ್ನೂ ಅಳೆಯಬೇಕು. ಇದೆಲ್ಲವನ್ನೂ ನನಗೆ ಕಲಿಸಿದ್ದರು. ನಾನು ಕಲಿತಿದ್ದೆ.

ಡಬ್ಬಿಯ ತಳ ತುಕ್ಕು ಹಿಡಿದು ತೂತಾಗಿತ್ತು. ಎರಡನೆಯ ಮಳೆಗಾಲದಲ್ಲೇ ಗಮನಿಸಿದೆ. ಬಾಟಲಿ ಕಂಠದವರೆಗೆ ತುಂಬಿತ್ತು. ಡಬ್ಬಿಯಲ್ಲಿ ಒಂದು ಹನಿ ಇರಲಿಲ್ಲ, ಒದ್ದೆ ಕೆಸರಷ್ಟೇ. ಉಕ್ಕಿದ್ದೆಲ್ಲ ನೆಲಕ್ಕೆ ಹೋಗಿತ್ತು. ಮಳೆಯ ಲೆಕ್ಕ ಇಡುವ ಬೆಳಗಾವಿಯ ಕಚೇರಿಗೆ ಒಂದು ಸಾಲು ಬರೆದಿದ್ದರೆ ಹೊಸ ಡಬ್ಬಿ ಬರುತ್ತಿತ್ತು. ಬರೆಯಲಿಲ್ಲ. ಬರೆದರೆ ಹಿಂದಿನ ವರ್ಷದ ಅಂಕಿಗಳ ಬಗ್ಗೆ ಕೇಳಿಯಾರು ಎಂದು — ಮತ್ತೆ, ಮಧ್ಯಾಹ್ನ ಹೋಗಿ ಏಕೆ ಖಾಲಿ ಮಾಡಲಿಲ್ಲ ಎಂದು ಕೇಳಿಯಾರು ಎಂದು.

ಏಕೆ ಮಾಡಲಿಲ್ಲ? ತರಗತಿಯ ಬಾಗಿಲಿನಿಂದ ಆ ಬೇಲಿಗೆ ನಲವತ್ತು ಹೆಜ್ಜೆ. ಎಣಿಸಿದ್ದೇನೆ. ಸೀರೆ ತೊಯ್ಯುತ್ತದೆ, ಮಕ್ಕಳನ್ನು ಬಿಟ್ಟು ಹೋಗಬೇಕಾಗುತ್ತದೆ, ಒದ್ದೆ ಸೀರೆಯಲ್ಲೇ ಸಂಜೆಯವರೆಗೆ ನಿಲ್ಲಬೇಕಾಗುತ್ತದೆ — ಕಾರಣಗಳು ಆಗಲೂ ಇಷ್ಟೇ ಸಣ್ಣವಿದ್ದವು.

ಅಂಥ ದಿನ ಬಾಟಲಿ ತುಂಬಿದ ಅಂಕಿಯನ್ನೇ ಬರೆದೆ. ಇದು ಸೋಮಾರಿತನ. ಇದಾದ ಮೇಲೆ ಮಾಡಿದ್ದು ಸೋಮಾರಿತನವಲ್ಲ. ತುಂಬಿದ ಬಾಟಲಿ ಯಾವಾಗಲೂ ಒಂದೇ ಅಂಕಿ ತೋರಿಸುತ್ತದೆ. ಒಂದೇ ಮಳೆಗಾಲದಲ್ಲಿ ಅದೇ ಅಂಕಿ ನಾಲ್ಕು ಸಲ ಬಂದರೆ ಯಾರಿಗಾದರೂ ಅನುಮಾನ ಬಂದೀತು. ಆದ್ದರಿಂದ ಒಂದು ದಿನ ಸ್ವಲ್ಪ ಕಡಿಮೆ ಬರೆದೆ, ಇನ್ನೊಂದು ದಿನ ಕೂದಲೆಳೆಯಷ್ಟು ಹೆಚ್ಚು. ದಶಮಾಂಶ ಬಿಂದುವಿನ ನಂತರದ ಅಂಕಿಯನ್ನು ಪ್ರತಿ ಸಲ ಬೇರೆ ಮಾಡಿದೆ. ಬಹಳ ಜಾಗರೂಕತೆಯಿಂದ, ದುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತು ಇಲ್ಲದೆ. ಬೆಳಗಾವಿಯಿಂದ ತಪಾಸಣೆಗೆ ಬಂದವರು ಇತರ ಶಾಲೆಗಳವರಿಗೆ ತೋರಿಸಲು ನನ್ನ ದಫ್ತರವನ್ನೇ ಒಯ್ಯುತ್ತಿದ್ದರು.

ಸಗುಣಾ ಆ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಗ — ಕಾಡಿನೊಳಗಿನ ಗೌಳಿವಾಡೆಯಿಂದ, ಎಮ್ಮೆ ಸಾಕುವವರ ಮನೆಯಿಂದ ಬರುತ್ತಿದ್ದಳು — ಒಂದು ಬೆಳಿಗ್ಗೆ ಮಕ್ಕಳಿಗೆ ಮಳೆ ಅಳೆಯುವುದನ್ನು ತೋರಿಸುತ್ತಿದ್ದೆ. ಬಾಟಲಿ ತುಂಬಿತ್ತು. ಆಲಿಕೆ ಎತ್ತಿದಾಗ ಬಾಟಲಿಯ ಮೈಯೆಲ್ಲ ನೀರು ಇಳಿಯುತ್ತಿತ್ತು. ಅವಳು ಬಗ್ಗಿ ಡಬ್ಬಿಯೊಳಗೆ ನೋಡಿದಳು.

“ಅಕ್ಕಾರ, ಹೊರಗ ಹೋದ ನೀರು ಎಲ್ಲಿ ಬರೀತೀರಿ?”

ನಾನು ಗಾಜಿನ ಪಾತ್ರೆಗೆ ನೀರು ಸುರಿಯತೊಡಗಿದೆ. ಅವಳು ಬಿಡಲಿಲ್ಲ. “ನಮ್ಮವ್ವ ಚೆಲ್ಲಿದ ಹಾಲೂ ಹಿಡದ ಹೇಳ್ತಾಳ್ರಿ, ಎಮ್ಮಿ ಎಷ್ಟ ಕೊಟ್ಟೈತಿ ಅಂತ.”

“ನಿನ್ನ ಎಮ್ಮಿ ಶಾಣ್ಯಾತನ ವಾಡೇದಾಗ ಇಟ್ಟ ಬಾ” ಎಂದೆ. ಮಕ್ಕಳು ನಕ್ಕರು. ಆಮೇಲೆ ಒಂದು ವಾರ ಅವಳನ್ನು ‘ಎಮ್ಮಿ’ ಎಂದು ಕರೆದರು. ನಾನು ಕೇಳಿಸಿಕೊಂಡೆ, ತಡೆಯಲಿಲ್ಲ. ಒಂಬತ್ತು ವರ್ಷದ ಹುಡುಗಿ ನನ್ನ ದಫ್ತರದ ಒಳಗನ್ನು ನೋಡಿಬಿಟ್ಟಿದ್ದಳು.

ನಿವೃತ್ತಳಾಗಿ ಬೆಳಗಾವಿಗೆ, ನನ್ನ ತಂಗಿಯ ಮನೆಗೆ ಬಂದೆ. ಸಗುಣಾ ಓದಿ, ಮುಂದೆ ಓದಿ, ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದ್ದಳು. ಮಳೆ ಮತ್ತು ಹಳ್ಳಗಳ ನೀರಿನ ಮೇಲೆ ಅವಳ ಕೆಲಸ. ಅದೇ ಹೊತ್ತಿಗೆ, ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಎರಕದ ಫೌಂಡ್ರಿ ಇಟ್ಟಿರುವ ಅಣ್ಣಾಸಾಹೇಬರು, ಖಾನಾಪುರದಿಂದ ದಿನಾ ಬಂದುಹೋಗುವ ತಮ್ಮ ಕೆಲಸಗಾರರಿಗೆ ಒಂದು ವಸಾಹತು ಕಟ್ಟಬೇಕೆಂದು ಊರಿನ ಅಂಚಿನ ಹಳ್ಳದ ಬದಿ ಜಾಗ ನೋಡಿದರು. ಹಳ್ಳದ ನೀರು ಎಲ್ಲಿಯವರೆಗೆ ಬಂದೀತು ಎಂದು ಗೆರೆ ಹಾಕುವ ಕೆಲಸ ಸಗುಣಾಳ ಕಾಲೇಜಿಗೆ ಬಂತು. ಅವಳು ಕಂಪ್ಯೂಟರಿನಲ್ಲಿ ಮಳೆಯ ಲೆಕ್ಕ ಕಟ್ಟಿ — ಅದೇ ಅವಳ ‘ಮಾಡೆಲ್’ — ಗೆರೆ ಹಾಕಿದಳು; ಅರ್ಧಕ್ಕಿಂತ ಹೆಚ್ಚು ನಿವೇಶನಗಳು ಗೆರೆಯ ಕೆಳಗೆ ಬಿದ್ದವು. ರಸ್ತೆಯ ಮೋರಿಯ ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ಗುರುತು ಹಾಕಿದ್ದಳು. ಗೆರೆಯ ಕೆಳಗೆ ಮನೆ ಕಟ್ಟಬಾರದು — ಇದು ಅವಳ ವರದಿ.

ಆ ವರದಿಯ ಮೇಲೆ ಕರೆದ ಸಭೆಗೆ ಎರಡು ದಿನ ಮುಂಚೆ ಅವಳು ನಮ್ಮ ಮನೆಗೆ ಬಂದಿದ್ದಳು. ಕುರ್ಚಿ ಇದ್ದರೂ ನೆಲದ ಮೇಲೆ ಕುಳಿತಳು. “ಅಕ್ಕಾರ, ಎಲ್ಲಾ ಕಡೆ ನನ್ನ ಮಾಡೆಲ್ ನಿಮ್ಮ ದಫ್ತರಕ್ಕ ಹೊಂದತೈತ್ರಿ. ದೊಡ್ಡ ಮಳಿ ದಿನ ಮಾತ್ರ ಹೊಂದವಲ್ದು. ಅದಕ್ಕ ಬಂದೆ” ಎಂದಳು. ಧ್ವನಿ ಮೆತ್ತಗಿತ್ತು. ನನಗೆ ಬಾಗಿಲು ತೆರೆದುಕೊಟ್ಟಿದ್ದಳು ಎಂದು ಈಗ ತಿಳಿಯುತ್ತದೆ. ಒಳಗಿನ ಕೋಣೆಯಲ್ಲಿ, ನಾನು ಮತ್ತು ಅವಳು, ಮೂರನೆಯವರಿಲ್ಲ. ಅಂದೇ ಹೇಳಿದ್ದರೆ —

“ನನ್ನ ದಫ್ತರದಾಗ ತಪ್ಪ ಹುಡಕಾಕ ಬಂದೀಯೇನು?” ಎಂದೆ. ಚಹಾ ಕೂಡ ಕೊಡದೆ ಕಳಿಸಿದೆ.

ಸಭೆಯ ದಿನ ನನ್ನನ್ನು ಕರೆದೊಯ್ಯಲು ಅಣ್ಣಾಸಾಹೇಬರ ಗಾಡಿ ಬಂತು; ಸಗುಣಾಳ ಗೆರೆಗೆ ಎದುರಾಗಿ ಅವರು ನನ್ನ ದಫ್ತರವನ್ನು ಮುಂದಿಟ್ಟಿದ್ದರು. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಅವರು ನನಗೆ ಸುಳ್ಳು ಹೇಳೆಂದು ಹೇಳಲಿಲ್ಲ. “ನೀವು ಬರದದ್ದು ಬರದಂಗ ಹೇಳ್ರಿ ಅಕ್ಕಾರ, ಅಷ್ಟ ಸಾಕು” ಎಂದರು. ಅವರು ನನ್ನ ದಫ್ತರವನ್ನು ನಂಬಿದ್ದರು. ಯಾರೂ ನನ್ನನ್ನು ಕೊಳ್ಳಲಿಲ್ಲ, ಹೆದರಿಸಲಿಲ್ಲ. ಈ ತಪ್ಪಿನ ಪಾಲು ಹಂಚಿಕೊಳ್ಳಲು ನನ್ನ ಹತ್ತಿರ ಯಾರೂ ಇಲ್ಲ.

ಸಭಾಭವನದಲ್ಲಿ ಮುಂದಿನ ಸಾಲುಗಳಲ್ಲಿ ಕೆಲಸಗಾರರು, ಅವರ ಹೆಂಗಸರು. ಅರ್ಧದಷ್ಟು ಜನರಿಗೆ ನಾನೇ ಅಕ್ಷರ ಕಲಿಸಿದ್ದೆ. ಅವರಿಗೆ ಮನೆ ಬೇಕಿತ್ತು. ಬೆಳಗಿನ ಬಸ್ಸಿನಲ್ಲಿ ನೇತಾಡಿ ಉದ್ಯಮಬಾಗಕ್ಕೆ ಹೋಗಿ, ದಿನವಿಡೀ ಭಟ್ಟಿಯ ಮುಂದೆ ಬೆಂದು, ಬಾಡಿಗೆಯ ಕೋಣೆಗೆ ಮರಳುವವರು. ಅವರ ಮತ್ತು ಮನೆಯ ನಡುವೆ ಒಂದು ಹಳದಿ ಗೆರೆ ಬಂದು ನಿಂತಿತ್ತು. ಸಗುಣಾ ಎದ್ದಾಗ ಯಾರೂ ಸುಮ್ಮನೆ ಕೂರಲಿಲ್ಲ.

ಅವಳು ಸರಳವಾಗಿ ಹೇಳಲು ಪ್ರಯತ್ನಿಸಿದಳು. “ಗಾಳಿ ಕಾದಷ್ಟೂ ಹೆಚ್ಚು ಆವಿ ಹಿಡಕೊಂತೈತ್ರಿ. ಹಿಡದದ್ದು ಒಮ್ಮಿಗೇ ಸುರೀತೈತಿ. ಇಂಗಾಲದ ಡೈಆಕ್ಸೈಡು, ಮೀಥೇನು — ಇವು ಭೂಮಿ ಮ್ಯಾಲೆ ಹೊಚ್ಚಿದ ಕೌದಿ ಇದ್ದಂಗ. ಆ ಕೌದಿ ವರ್ಷಾ ವರ್ಷಾ ದಪ್ಪ ಆಗಾಕತ್ತೈತಿ.”

“ಆಗ್ಲಿ ಬಿಡ್ರಿ ಬಾಯಿ, ನಮ್ಮ ಬೆಳಗಾವಿ ಥಂಡಿಗೆ ಒಂದು ಕೌದಿ ಹೆಚ್ಚಾದ್ರ ಚಲೋನ ಆತು!” ಹಿಂದಿನಿಂದ ಒಬ್ಬ. ನಗೆ.

“ಮೀಥೇನ್ ಅಂದ್ರ ಎಮ್ಮಿ ಹೂಸಲ್ಲೇನ್ರಿ?” ಇನ್ನೊಬ್ಬ. “ಮೊದಲ ನಿಮ್ಮ ವಾಡೇದಾಗಿನ ಎಮ್ಮಿ ಬಂದ್ ಮಾಡಿಸ್ರಿ, ಆಮ್ಯಾಲೆ ನಮ್ಮ ಭಟ್ಟಿಗೆ ಬರ್ರಿ!”

“ಹೂಸಲ್ರಿ, ತೇಗು. ಹೆಚ್ಚಿಂದು ತೇಗಿನಾಗ ಬರತೈತಿ” ಎಂದಳು ಸಗುಣಾ, ಮುಖದಲ್ಲಿ ನಗೆಯಿಲ್ಲದೆ. ಸಭೆ ಕುರ್ಚಿಯಿಂದ ಬೀಳುವಂತೆ ನಕ್ಕಿತು. ನಾನೂ ನಕ್ಕೆ. ಇದನ್ನೂ ಬರೆಯಬೇಕು — ನಾನೂ ನಕ್ಕೆ.

ಆಮೇಲೆ ಅಣ್ಣಾಸಾಹೇಬರ ಇಂಜಿನಿಯರ್ ಎದ್ದ. ಅವನು ಒರಟನಲ್ಲ, ತಿಳಿದವನು. “ಮೇಡಂ, ನಿಮ್ಮ ಮಾಡೆಲ್‌ಗೆ ಹಿಂದಿನ ವರ್ಷದ ಮಳಿ ಕೇಳೂಣು. ಸಣ್ಣ ಮಳಿ ಸರಿ ಹೇಳತೈತಿ. ದೊಡ್ಡ ಮಳಿ ಬಂದ ಕೂಡಲೇ ದಫ್ತರ ಬಿಟ್ಟು ಎಲ್ಲೋ ಹಾರತೈತಿ. ಇಪ್ಪತ್ತಾರು ವರ್ಷದಾಗ ಒಂದ ದಿನಾನೂ ಇಷ್ಟರ ಮ್ಯಾಲೆ ಮಳಿ ಹೋಗಿಲ್ಲ, ಇಲ್ಲಿ ಐತಿ ನೋಡ್ರಿ. ಆಗಿ ಹೋದದ್ದು ಹೇಳಾಕ ಬರದ್ದು, ಆಗೂದು ಹೆಂಗ ಹೇಳೀತು?”

ಗೋಡೆಯ ಮೇಲೆ ಮಳೆಯ ಗ್ರಾಫು ಬಿತ್ತು. ನನ್ನ ಅಂಕಿಗಳು ಚುಕ್ಕಿಗಳಾಗಿ ನಿಂತಿದ್ದವು. ಕೆಳಗೆ ಚದುರಿ, ಮೇಲೆ ಹೋದಂತೆ ಒಂದು ಎತ್ತರಕ್ಕೆ ಬಂದು ನಿಂತುಬಿಟ್ಟಿದ್ದವು — ಚಾವಣಿಗೆ ತಲೆ ತಾಗಿದ ಹಾಗೆ. ಅಂಗೈಯಷ್ಟು ಅಗಲದಲ್ಲಿ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ನಾನು ಬಿಂದುವಿನ ನಂತರ ಆಡಿದ ಆಟ ಅದು. ಆ ಸಭೆಯಲ್ಲಿ ಆ ಚಾವಣಿ ಏನೆಂದು ತಿಳಿದವರು ಇಬ್ಬರು. ಅದು ಆಕಾಶದ ಮಿತಿಯಲ್ಲ. ನನ್ನ ಬಾಟಲಿಯ ಮಿತಿ.

ಸಗುಣಾ ನನ್ನ ಕಡೆ ತಿರುಗಿದಳು. “ನಮ್ಮಿಬ್ಬರಾಗ ಒಬ್ಬರು ತಪ್ಪೀವಿ. ಮಾಡೆಲ್ ತಪ್ಪಿರಬೌದು — ಅದು ದೇವರ ಮಾತು ಅಂತ ನಾ ಹೇಳಂಗಿಲ್ಲ. ಅಳತಿನೂ ತಪ್ಪಿರಬೌದು. ಅಕ್ಕಾರನ್ನ ಒಂದ ಮಾತು ಕೇಳ್ತೀನಿ.” ಆಮೇಲೆ ಆ ಪ್ರಶ್ನೆ.

ನಾನು ಯೋಚಿಸದೆ ಹೇಳಿದೆನೆಂದು ನೀವು ಅಂದುಕೊಳ್ಳಬಾರದು. ಯೋಚಿಸಿದೆ. ತುಕ್ಕು ಹಿಡಿದ ತಳ ಕಣ್ಣಿಗೆ ಬಂತು. ದಫ್ತರವನ್ನು ಎದೆಗೆ ಹಿಡಿದು ಒಯ್ಯುತ್ತಿದ್ದ ಅಧಿಕಾರಿ ನೆನಪಿಗೆ ಬಂದರು. ನಾನು ಅಕ್ಷರ ಕಲಿಸಿದ ಮುಖಗಳು ಬಂದವು. ಮತ್ತು ವಾಡೆಯ ಹುಡುಗಿಯ ಮುಂದೆ ನಾನು ತಲೆ ತಗ್ಗಿಸಬೇಕೇ ಎಂಬ ಮಾತು ಬಂತು. ಎಲ್ಲವೂ ಬಂದು ಹೋದ ಮೇಲೆ, ಸ್ಪಷ್ಟವಾಗಿ, ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲಿ, “ಇಲ್ಲ” ಎಂದೆ.

ಚಪ್ಪಾಳೆ ಬಿತ್ತು. “ಅಕ್ಕಾರು ಸುಳ್ಳ ಹೇಳ್ತಾರೇನ್ಲೇ!” ಎಂದು ಯಾರೋ ಕೂಗಿದರು. ಎರಡನೆಯ ಸಾಲಿನಿಂದ ಕಲ್ಲಪ್ಪ ಎದ್ದ. ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ ಅವನದು. ಅವನಿಗೂ ಮಗ್ಗಿ ಕಲಿಸಿದವಳು ನಾನೇ. ಪಕ್ಕದಲ್ಲಿ ಹೆಂಡತಿ ಮಹಾದೇವಿ.

“ಹಂಗಾರ ನಾವು ಅಲ್ಲಿ ಕಟ್ಟಬೌದ್ರಿ ಅಕ್ಕಾರ?”

“ಕಟ್ಟಪಾ.”

ಸಗುಣಾ ಬಾಲ್ಯದಲ್ಲಿ ತಾನು ಕಂಡದ್ದನ್ನು ಆಗ ಹೇಳಬಹುದಿತ್ತು. ನಾನು ಅದಕ್ಕಾಗಿ ಕಾದೆ. ಅವಳು ನನ್ನನ್ನೇ ನೋಡಿದಳು. “ಆತ್ರಿ ಅಕ್ಕಾರ” ಎಂದಳು. ಕಾಗದಗಳನ್ನು ಜೋಡಿಸಿಕೊಂಡು ಕುಳಿತಳು.

ಅವಳ ವರದಿ ಬದಿಗೆ ಹೋಯಿತು. ಕಾಲೇಜಿನವರು ಆ ಕೆಲಸದಿಂದ ಅವಳನ್ನು ತೆಗೆದರು. ಖಾನಾಪುರದಲ್ಲಿ ನೀವು ಅವಳಿಗೆ ‘ಕೌದಿ ಬಾಯಿ’ ಎಂದು ಹೆಸರಿಟ್ಟಿರಿ. ಅವಳ ತಾಯಿ ಸಂತೆಗೆ ಬೆಣ್ಣೆ ತಂದಾಗಲೂ ಹಾಗೆಂದು ಕೂಗಿದವರು ನಿಮ್ಮಲ್ಲಿ ಇದ್ದೀರಿ. ನಿಮಗೆ ನಿಮ್ಮ ಹೆಸರು ಗೊತ್ತು.

ಮನೆಗಳೆದ್ದವು, ಗೆರೆಯ ಕೆಳಗೆ. ಕಲ್ಲಪ್ಪನ ಮನೆಯ ವಾಸ್ತುಶಾಂತಿಗೆ ನನ್ನನ್ನು ಕರೆದು ಮುಂದೆ ಕೂರಿಸಿದರು. ಮಹಾದೇವಿ ಖಣ ಇಟ್ಟು ಉಡಿ ತುಂಬಿದಳು. ಮನೆಯ ಹಿಂಬದಿಯ ಕಿಟಕಿ ತೆರೆದು ಹಳ್ಳ ತೋರಿಸಿದಳು; ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರ. “ಬೆಳಕು ಚಲೋ ಬೀಳತೈತ್ರಿ ಇಲ್ಲೆ. ನೀವು ಹ್ಞೂಂ ಅಂದಿದ್ದಕ್ಕ ಆತು ನೋಡ್ರಿ ಇದೆಲ್ಲಾ.” ನಾನು ಹೋಳಿಗೆ ತಿಂದೆ.

ನಾಲ್ಕು ಮಳೆಗಾಲ ಏನೂ ಆಗಲಿಲ್ಲ. ಪ್ರತಿ ಮಳೆಗಾಲ ಮುಗಿದಾಗ ನನ್ನ ಸುಳ್ಳು ಸ್ವಲ್ಪ ಸ್ವಲ್ಪವೇ ನಿಜವಾಗುತ್ತಿದೆ ಎನ್ನಿಸುತ್ತಿತ್ತು.

ಐದನೆಯ ಮಳೆಗಾಲದಲ್ಲಿ ಪಿಂಚಣಿಯ ಒಂದು ಕೆಲಸಕ್ಕೆಂದು ಬೆಳಗಿನ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆ. ಮಳೆ ಹಿಂದಿನ ದಿನದಿಂದಲೇ ಹಿಡಿದಿತ್ತು. ಸುಮಾರು ಹತ್ತು ಗಂಟೆಗೆ ಬಸ್ಸು ಮೋರಿಯ ಈಚೆ ನಿಂತುಬಿಟ್ಟಿತು. ಜನ ಇಳಿದರು, ನಾನೂ ಇಳಿದೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ನೀರು ಕೆಂಪು ಮಣ್ಣಿನ ಬಣ್ಣದ್ದಾಗಿತ್ತು. ವಸಾಹತಿನ ಕೆಳಗಿನ ಸಾಲಿನ ಮನೆಗಳಲ್ಲಿ ಕಿಟಕಿಯ ಮೇಲಂಚು ಮಾತ್ರ ಕಾಣುತ್ತಿತ್ತು. ಮೇಲಿನ ಸಾಲಿನಲ್ಲಿ, ಕಲ್ಲಪ್ಪನ ಮನೆ ಇದ್ದ ಸಾಲಿನಲ್ಲಿ, ಹೊಸ್ತಿಲು ದಾಟಿ, ಇನ್ನೂ ಏರುತ್ತಿತ್ತು. ಜನ ರಸ್ತೆಯ ಮೇಲಿದ್ದರು, ಪಾತ್ರೆ, ಗಂಟು, ಮಕ್ಕಳು. ಗಂಡಸರು ಹೆಚ್ಚಿನವರು ಪಾಳಿಯ ಮೇಲೆ ಉದ್ಯಮಬಾಗದಲ್ಲಿದ್ದರು. ಮಹಾದೇವಿ ಹೊರಗೆ ಬಂದಿದ್ದಳು ಎಂದು ನೆರೆಯವರು ಹೇಳಿದರು. ಯಂತ್ರವನ್ನು ಮಂಚದ ಮೇಲೆ ಎತ್ತಿಟ್ಟು ಬರುತ್ತೇನೆಂದು ಒಳಗೆ ಹೋಗಿದ್ದಳು. ನಾನು ಅವಳನ್ನು ನೋಡಲಿಲ್ಲ. ನಾನು ನೋಡಿದ್ದು ಆ ಮನೆಯ ಹಿಂದಿನ ಗೋಡೆ ಹೊರಕ್ಕೆ ಬಾಗಿದ್ದನ್ನು, ಆಮೇಲೆ ಅದು ಇಲ್ಲದ್ದನ್ನು. ಬೀಳುವ ಸದ್ದು ಕೇಳಲಿಲ್ಲ. ಮಳೆಯ ಸದ್ದು ಅದಕ್ಕಿಂತ ದೊಡ್ಡದಿತ್ತು.

ಮರುದಿನ ಮಧ್ಯಾಹ್ನ ಅವಳು ಸಿಕ್ಕಳು, ಕೆಳಗೆ, ಕಬ್ಬಿನ ಹೊಲದ ಬೇಲಿಯಲ್ಲಿ.

ನೀರು ಇಳಿದ ಮೇಲೆ ಮೋರಿಯ ಹತ್ತಿರ ಹೋದೆ. ಕಲ್ಲಿನ ಮೇಲೆ ಕೆಸರಿನ ಅಂಚು ನಿಂತಿತ್ತು. ಸಗುಣಾಳ ಹಳದಿ ಗೆರೆ ಅದರ ಮೇಲೆ. ನಡುವೆ ಕೈ ಇಟ್ಟು ಅಳೆದೆ: ನನ್ನ ಒಂದು ಗೇಣು.

ಅಲ್ಲಿಯೇ, ನನ್ನ ಕೈ ಇನ್ನೂ ಕಲ್ಲಿನ ಮೇಲಿರುವಾಗಲೇ, ನಿಮ್ಮಲ್ಲೊಬ್ಬರು ಹಿಂದೆ ನಿಂತು ಹೇಳಿದಿರಿ: “ನೋಡ್ರಿ ಅಕ್ಕಾರ, ಗೆರಿಗೆ ಮುಟ್ಟಲೇ ಇಲ್ಲ. ಮಾಡೆಲ್ ತಪ್ಪ ಅಂತ ನಾವು ಆವತ್ತ ಹೇಳಿದ್ವಿ.”

ಒಂದು ಗೇಣು ತಪ್ಪಿದ ಗೆರೆ ಸುಳ್ಳು. ಒಂದಾಳೆತ್ತರ ತಪ್ಪಿದ ದಫ್ತರ ನಿಜ. ಇದು ನಿಮ್ಮ ನ್ಯಾಯ. ನಾನು ಹೇಳಿಕೊಟ್ಟ ನ್ಯಾಯ.

ಕಲ್ಲಪ್ಪನಿಗೆ ಮೊದಲು ಹೇಳಿದೆ. ಹದಿಮೂರನೆಯ ದಿನ ಕಳೆಯಲಿ ಎಂದು ಕಾದೆ. ಆಮೇಲೆ ಇನ್ನೂ ಕಾದೆ. ಎಂಟು ತಿಂಗಳು ಕಾದೆ. ಅವನು ಅಣ್ಣನ ಮನೆಯ ಜಗಲಿಯ ಮೇಲೆ ಕುಳಿತು ಕೇಳಿದ. ಬಾಟಲಿ, ಡಬ್ಬಿ, ತೂತು — ಎಲ್ಲ ಕೇಳಿದ. ಕೊನೆಗೆ “ನಾ ನಿಮ್ಮನ್ನ ಕೇಳಿದ್ನಿರಿ, ಕಟ್ಟಬೌದೇನು ಅಂತ” ಎಂದ. ಹೌದೆಂದೆ. ಎದ್ದು ನಿಂತು ಅಂಗಳದ ಗೇಟು ತೆರೆದ. “ಹೊರಗ ನಡೀರಿ.” ಅಂದಿನಿಂದ ನನ್ನ ಜೊತೆ ಮಾತಿಲ್ಲ. ಇರಬಾರದು ಕೂಡ.

ಆಮೇಲೆ ಸಗುಣಾಳ ಹತ್ತಿರ ಹೋದೆ. ಅವಳು ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ, ಒಂದು ಹಳೆಯ ಬಂಗಲೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಇರುತ್ತಾಳೆ. ಬಾಗಿಲು ತೆರೆದವಳು ಒಳಗೆ ಬನ್ನಿ ಎನ್ನಲಿಲ್ಲ. ನಾನು ನಿಂತೇ ಶುರು ಮಾಡಿದೆ, ಅರ್ಧಕ್ಕೆ ಅತ್ತೆ.

“ಅಳಬ್ಯಾಡ್ರಿ” ಎಂದಳು. ಸಮಾಧಾನದ ಧ್ವನಿಯಲ್ಲಿ ಅಲ್ಲ. “ನಿಮ್ಮ ಅಳು ತೊಗೊಂಡು ನಾ ಏನ್ ಮಾಡ್ಲಿ? ನನಗ ತಾರೀಖು ಬೇಕು.”

“ಯಾವ ತಾರೀಖು?”

“ಬಾಟ್ಲಿ ಉಕ್ಕಿದ್ದು. ಯಾವ ಯಾವ ದಿನ. ನಿಮ್ಮ ದಫ್ತರ ಬರೇ ಖಾನಾಪುರದಾಗ ಕುಂತಿಲ್ಲ ಅಕ್ಕಾರ. ಯಾರ್ಯಾರೋ ತಮ್ಮ ಮಾಡೆಲ್ ಸರಿ ಐತೋ ಇಲ್ಲೋ ಅಂತ ಅದಕ್ಕ ಹಚ್ಚಿ ನೋಡ್ತಾರ. ಹೊಂದಲಿಲ್ಲಂದ್ರ ಮಾಡೆಲ್ ತಿದ್ದತಾರ. ನಿಮ್ಮ ಬಾಟ್ಲಿ ಅಳತಿಗೆ ಮುಗಿಲು ಕತ್ತರಿಸಾಕತ್ತಾರ.”

ನೀರು ಅವಳ ಗೆರೆಯ ಹತ್ತಿರವೇ ಬಂದಿತ್ತು, ಅವಳೇ ಗೆದ್ದಳು ಎಂದು ನಾನು ಏನೋ ಹೇಳಹೋದೆ. ತಡೆದಳು. “ಒಂದು ಮಳಿಯಿಂದ ಮಾಡೆಲ್ ಖರೇ ಅಂತ ಆಗಂಗಿಲ್ಲ, ಸುಳ್ಳ ಅಂತಾನೂ ಆಗಂಗಿಲ್ಲ. ಅದನ್ನ ನೀವರೆ ತಿಳಕೋರಿ.” ಆಮೇಲೆ ಹೇಳಿದಳು: “ಆವತ್ತ ನನಗೂ ಗೊತ್ತಿತ್ತು. ಸಣ್ಣಾಕಿ ಇದ್ದಾಗ ಕಣ್ಣಾರೆ ನೋಡೀನಿ. ಕಲಿಸಿದವರು, ಮಂದಿ ಮುಂದ ಮಾನಾ ಕಳೀಬಾರ್ದು ಅಂತ ಸುಮ್ನಾದೆ. ಅದು ನನ್ನ ತಪ್ಪು. ನಾ ಹೊರ್ತೀನಿ. ನಿಮ್ಮದು ನೀವು ಹೊರ್ರಿ.”

ದಫ್ತರದ ನಕಲುಗಳ ಕಟ್ಟನ್ನು ತಂದು ನನ್ನ ಕೈಗೆ ಹಾ​ಕಿದಳು. ಬಾಗಿಲು ಮುಚ್ಚಿದಳು.

ನಾಲ್ಕು ತಿಂಗಳಿಂದ ಆ ಹಾಳೆಗಳ ಮುಂದೆ ಕೂರುತ್ತಿದ್ದೇನೆ. ನೆನಪಿನಿಂದ ಅಂಕಿ ಹುಟ್ಟಿಸುವುದಿಲ್ಲ. ಆ ಕೆಲಸ ಒಮ್ಮೆ ಮಾಡಿಯಾಗಿದೆ. ಖಚಿತವಾಗಿ ಗೊತ್ತಿರುವ ದಿನಗಳಿಗಷ್ಟೇ ಗುರುತು. ಮೂರನೆಯ ತರಗತಿಯ ಹಂಚು ಹಾರಿ ಮಕ್ಕಳನ್ನು ನನ್ನ ಕೋಣೆಗೆ ತಂದ ದಿನ — ಖಚಿತ. ವಾಡೆಯ ಮಕ್ಕಳು ಹಳ್ಳ ದಾಟಲಾರದೆ ಶಾಲೆಯಲ್ಲೇ ಉಳಿದು, ನಾನು ಅವಲಕ್ಕಿ ಕಲಸಿ ಕೊಟ್ಟ ದಿನ — ಖಚಿತ. ಸಗುಣಾ ಬಗ್ಗಿ ನೋಡಿದ ದಿನ — ಖಚಿತ. ಇನ್ನುಳಿದವುಗಳಲ್ಲಿ ಅಂಕಿ ಬಾಟಲಿಯ ಕಂಠದ ಹತ್ತಿರ ಇದ್ದರೂ ನೆನಪಿಲ್ಲದಿದ್ದರೆ ‘ಅನುಮಾನ’ ಎಂದಷ್ಟೇ ಬರೆಯುತ್ತೇನೆ. ಅನುಮಾನದ ದಿನಗಳೇ ಹೆಚ್ಚು. ಆ ಮಳೆ ಎಷ್ಟು ಬಿತ್ತು ಎಂದು ಇನ್ನು ಯಾವ ಯಂತ್ರವೂ, ಯಾವ ಮನುಷ್ಯರೂ ಹೇಳಲಾರರು. ಅದು ಹೋಯಿತು. ನನ್ನ ಕಣ್ಣೆದುರು ನೆಲಕ್ಕೆ ಹೋಯಿತು.

ಮುಂದಿನ ಸೋಮವಾರ ಅದೇ ಸಭಾಭವನದಲ್ಲಿ ವಸಾಹತಿನ ಎರಡನೆಯ ಹಂತದ ಸಭೆ ಇದೆ. ಅದೇ ಹಳ್ಳ, ಇನ್ನೂ ಕೆಳಗಿನ ಜಾಗ. ಅಣ್ಣಾಸಾಹೇಬರ ಕಾಗದಗಳಲ್ಲಿ ಮತ್ತೆ ನನ್ನ ದಫ್ತರವೇ ಇದೆ ಎಂದು ಕೇಳಿದೆ. ಈ ಸಲ ನನ್ನನ್ನು ಕರೆಯಲು ಗಾಡಿ ಬರುವುದಿಲ್ಲ, ಬಸ್ಸಿನಲ್ಲಿ ಬರುತ್ತೇನೆ. ನೀವೆಲ್ಲ ಬನ್ನಿ. ಚಪ್ಪಾಳೆ ತಟ್ಟಿದವರು ಮುಂದಿನ ಸಾಲಿನಲ್ಲೇ ಕೂರಿ. ನಕ್ಕರೆ ನಗಿರಿ, ಬೈದರೆ ಬೈಯಿರಿ. ಯಾರೂ ಪ್ರಶ್ನೆ ಕೇಳದಿದ್ದರೂ ಎದ್ದು ಉತ್ತರ ಹೇಳುತ್ತೇನೆ, ತರಗತಿಯಲ್ಲಿ ಮಾತಾಡುವ ಅದೇ ಧ್ವನಿಯಲ್ಲಿ. ಕಲ್ಲಪ್ಪ ಬಂದರೆ ಅವನ ಮುಖ ನೋಡಿಯೇ ಹೇಳುತ್ತೇನೆ.

ಹಾಳೆಗಳನ್ನು ಅಲ್ಲಿಯೇ ಕೊಡುತ್ತೇನೆ. ಖಚಿತವಾದ ಪ್ರತಿ ದಿನದ ಮುಂದೆ, ಅದೇ ದುಂಡಗಿನ ಅಕ್ಷರದಲ್ಲಿ, ನನ್ನ ಸಹಿಯೊಂದಿಗೆ ಒಂದೇ ಮಾತು ಇದೆ: ಉಕ್ಕಿತ್ತು. ನೋಡಿದೆ. ಅಳೆಯಲಿಲ್ಲ.